ಸ್ಪೋರ್ಟ್ ಬೈಕೋ, ಸ್ಪೋರ್ಟ್ ಟೂರರೋ? ಕೊಳ್ಳುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ನೋಡಲು ಎರಡೂ ಒಂದೇ ಥರ ಇವೆ. ವ್ಯತ್ಯಾಸ ಎಲ್ಲಿದೆ?

ಸ್ಪೋರ್ಟ್ ಬೈಕ್ ಟ್ರ್ಯಾಕಿನ ವೇಗಕ್ಕೆ ಮಾಡಿದ್ದು, ಸ್ಪೋರ್ಟ್ ಟೂರರ್ ದೂರದ ಪ್ರಯಾಣಕ್ಕೆ. ಮೊದಲು ನೋಡಬೇಕಾದ್ದು ಮೂರು ಜಾಗ: ಕೈ ಹಿಡಿಯುವ ಹ್ಯಾಂಡಲ್, ಕೂರುವ ಸೀಟು, ಕಾಲಿಡುವ ಪೆಗ್. ಸ್ಪೋರ್ಟ್ ಬೈಕಿನ ಹ್ಯಾಂಡಲ್ ಎಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಫೋರ್ಕುಗಳಿಗೆ ಬೇರೆಬೇರೆಯಾಗಿ ಬಿಗಿದ ಕ್ಲಿಪ್-ಆನ್. ಅದು ಸೀಟಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ಪೆಗ್ ಹಿಂದಕ್ಕೂ ಮೇಲಕ್ಕೂ ಸರಿದಿರುತ್ತದೆ. ಸೊಂಟ ಬಾಗುತ್ತದೆ, ಮಂಡಿ ಮಡಚುತ್ತದೆ, ಮೈಭಾರದ ಒಂದು ಪಾಲು ಅಂಗೈಗೆ ಇಳಿಯುತ್ತದೆ. ಸ್ಪೋರ್ಟ್ ಟೂರರ್‌ನಲ್ಲಿ ಹ್ಯಾಂಡಲ್ ಕೆಲವು ಇಂಚು ಮೇಲಕ್ಕೆ ಬಂದು ಸವಾರನ ಕಡೆ ಬಾಗಿರುತ್ತದೆ, ಪೆಗ್ ಕೆಳಗಿಳಿದಿರುತ್ತದೆ. ಭಾರ ಸೀಟಿನ ಮೇಲೇ ಉಳಿಯುತ್ತದೆ.

ಎರಡನೆಯದು ಎಂಜಿನ್ ಎಲ್ಲಿ ಬಲ ಕೊಡುತ್ತದೆ ಎಂಬುದು. ಒಂದೇ ಕಂಪನಿಯ ಎರಡು ಬೈಕು ನೋಡಿ. ಕವಾಸಾಕಿ ನಿಂಜಾ ಝಡ್‌ಎಕ್ಸ್-6ಆರ್ 636 ಸಿಸಿ. ಅದರ 69 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ) ಸಿಗುವುದು 11,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಆಸುಪಾಸಿನಲ್ಲಿ. ನಿಂಜಾ 1100ಎಸ್‌ಎಕ್ಸ್ 1,099 ಸಿಸಿ. 113 ನ್ಯೂಟನ್ ಮೀಟರ್, ಅದೂ 7,600 ಆರ್‌ಪಿಎಂನಲ್ಲೇ. ಲಾರಿ ದಾಟುವಾಗ ಮೊದಲನೆಯದರಲ್ಲಿ ಎರಡು ಗೇರ್ ಇಳಿಸಬೇಕು. ಎರಡನೆಯದರಲ್ಲಿ ಗೇರ್ ಮುಟ್ಟದೆ ಆಕ್ಸಿಲರೇಟರ್ ತಿರುಗಿಸಿದರೆ ಸಾಕು. ಗರಿಷ್ಠ ಶಕ್ತಿಯಲ್ಲಿ ಎರಡಕ್ಕೂ ದೊಡ್ಡ ಅಂತರ ಇಲ್ಲ. ಆದರೆ ದಿನವಿಡೀ ಓಡಿಸುವವರಿಗೆ ಬೇಕಾಗುವುದು ಮಧ್ಯದ ಆರ್‌ಪಿಎಂನ ಬಲ.

ಮೂರನೆಯದು ಚಾಸಿಸ್, ಅಂದರೆ ಬೈಕಿನ ಚೌಕಟ್ಟು. ಝಡ್‌ಎಕ್ಸ್-6ಆರ್‌ನ ಎರಡು ಚಕ್ರಗಳ ನಡುವಿನ ಅಂತರ 1,400 ಮಿಲಿಮೀಟರ್, 1100ಎಸ್‌ಎಕ್ಸ್‌ನದು 1,440. ತೂಕ ಕ್ರಮವಾಗಿ ಸುಮಾರು 198 ಮತ್ತು 238 ಕಿಲೋ. ಚಿಕ್ಕದು ತಿರುವಿಗೆ ಬೇಗ ಬೀಳುತ್ತದೆ. ಉದ್ದದ್ದು ಲಗೇಜು ಹೇರಿದಾಗಲೂ ಗಲಿಬಿಲಿಯಾಗುವುದಿಲ್ಲ.

ಸ್ಪೋರ್ಟ್ ಬೈಕಿನಲ್ಲಿ ದೂರ ಹೋದರೆ ಕೈ ನೋಯುತ್ತದೆ ಅನ್ನುತ್ತಾರೆ. ಅಭ್ಯಾಸ ಆದರೆ ಸರಿಹೋಗುವುದಿಲ್ಲವೇ?

ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ, ಪೂರ್ತಿ ಅಲ್ಲ. ಕಾರಣ ಗಾಳಿಯಲ್ಲಿದೆ. ಮುಂದಕ್ಕೆ ಬಾಗಿ ಕೂರುವ ಆ ಭಂಗಿ ರೇಸ್ ಟ್ರ್ಯಾಕಿನ ವೇಗಕ್ಕೆ ಮಾಡಿದ್ದು. ವೇಗ 100 ದಾಟಿದ ಮೇಲೆ ಎದೆಗೆ ಬಡಿಯುವ ಗಾಳಿ ಮೈಯ ಮೇಲ್ಭಾಗವನ್ನು ಎತ್ತಿ ಹಿಡಿಯುತ್ತದೆ, ಅಂಗೈ ಹಗುರಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ತೆವಳುವಾಗ ಆ ಗಾಳಿ ಇಲ್ಲ, ಭಾರವೆಲ್ಲ ಮಣಿಕಟ್ಟಿಗೆ. ಹೆದ್ದಾರಿಯಲ್ಲಿ ಆರಾಮಾಗಿದ್ದ ಬೈಕು ಊರೊಳಗೆ ಬಂದ ಕೂಡಲೇ ಹಿಂಸೆ ಅನಿಸುವುದು ಇದಕ್ಕೇ.

ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಹೊರಬದಿಯ ನರ ಒತ್ತಿದೆ ಎಂದರ್ಥ. ಅದನ್ನು ಸಹಿಸಿಕೊಂಡು ಓಡಿಸಬೇಡಿ. ಮೂರು ಕೆಲಸ ಮಾಡಿ ನೋಡಿ. ಒಂದು, ಮಂಡಿಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು ಭಾರವನ್ನು ತೊಡೆ, ಹೊಟ್ಟೆಗೆ ತನ್ನಿ. ಟ್ಯಾಂಕ್ ನುಣುಪಾಗಿದ್ದರೆ ಎರಡೂ ಬದಿಗೆ ರಬ್ಬರ್ ಗ್ರಿಪ್ ಪ್ಯಾಡ್ ಅಂಟಿಸಿ. ಎರಡು, ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳ ಕೋನ ನೋಡಿ. ಬೈಕ್ ಮೇಲೆ ಕೂತು ಬೆರಳು ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರಬೇಕು. ಲಿವರ್ ಮೇಲಕ್ಕೆದ್ದಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ ತುಸು ತಗ್ಗಿಸಿ, ಮತ್ತೆ ಬಿಗಿ ಮಾಡಿ. ಮೂರು, ಬೆನ್ನಿಗೆ ಬ್ಯಾಗ್ ಹಾಕಬೇಡಿ. ಐದು ಕಿಲೋ ಬ್ಯಾಗ್ ಅಂದರೆ ಮಣಿಕಟ್ಟಿಗೆ ಇನ್ನಷ್ಟು ಭಾರ. ಅದನ್ನು ಹಿಂದಿನ ಸೀಟಿಗೆ ಕಟ್ಟಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಗಂಟೆಯೊಳಗೆ ನೋವು ಬಂದರೆ ಆ ಬೈಕಿನ ಅಳತೆ ನಿಮ್ಮ ಮೈಗೆ ಹೊಂದುವುದಿಲ್ಲ.

ನಮ್ಮ ರಸ್ತೆಗಳಿಗೆ ಯಾವುದು ಹೆಚ್ಚು ಹೊಂದುತ್ತದೆ?

ನಮ್ಮ ಉತ್ತರ ನೇರವಾಗಿದೆ: ವರ್ಷಕ್ಕೆ ಒಂದೆರಡು ಸಲವಾದರೂ ಟ್ರ್ಯಾಕಿಗೆ ಹೋಗುವ ಇರಾದೆ ಇಲ್ಲದವರು 400 ಸಿಸಿಗಿಂತ ಮೇಲಿನ ಅಪ್ಪಟ ಸ್ಪೋರ್ಟ್ ಬೈಕ್ ಕೊಳ್ಳದಿರುವುದು ಒಳ್ಳೆಯದು. ಅದು ಹದಕ್ಕೆ ಬರುವ ವೇಗ ನಮ್ಮ ರಸ್ತೆಯಲ್ಲಿ ಸಿಗುವುದೇ ಅಪರೂಪ, ಸಿಕ್ಕರೂ ಸುರಕ್ಷಿತವಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಬೈಕಿನ ಸಿಸಿ ಎಷ್ಟೇ ಇರಲಿ. ಸಿಗುವುದು ಸರ್ವೀಸ್ ರಸ್ತೆ: ಬಸ್ಸು, ಟ್ರ್ಯಾಕ್ಟರು, ಎದುರಿನಿಂದ ಬರುವ ಸ್ಕೂಟರು, ಹಂಪ್ಸು. ಶಿರಾಡಿ, ಚಾರ್ಮಾಡಿಯಲ್ಲಿ ಲಾರಿ ಬಸ್ಸುಗಳ ಹಿಂದೆ ಎರಡನೇ ಗೇರಿನಲ್ಲಿ ಹತ್ತಬೇಕು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಕೆಲಸಕ್ಕೆ ಬರುವುದು ಅಗಲ ಹ್ಯಾಂಡಲ್, ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಬಲ ಮತ್ತು ನೆಟ್ಟಗೆ ಕೂತು ತಿರುವಿನಾಚೆ ಕಣ್ಣು ಹಾಯಿಸುವ ಅನುಕೂಲ. ಇವು ಮೂರೂ ಸ್ಪೋರ್ಟ್ ಟೂರರ್‌ನ ಗುಣಗಳು.

ಹ್ಯಾಂಡಲ್ ಎಷ್ಟು ತಿರುಗುತ್ತದೆ ಎಂಬುದನ್ನೂ ನೋಡಿ. ಸ್ಪೋರ್ಟ್ ಬೈಕುಗಳಲ್ಲಿ ಕ್ಲಿಪ್-ಆನ್ ಟ್ಯಾಂಕಿಗೆ ತಾಗದಂತೆ ತಿರುಗಾಟವನ್ನು ಕಡಿಮೆ ಇಟ್ಟಿರುತ್ತಾರೆ. ಇಕ್ಕಟ್ಟು ರಸ್ತೆಯಲ್ಲಿ ಯು-ಟರ್ನ್ ಹೊಡೆಯುವಾಗ ಹ್ಯಾಂಡಲ್ ತಟ್ಟನೆ ಲಾಕ್ ಆಗಿ, ಟ್ಯಾಂಕಿಗೂ ಹ್ಯಾಂಡಲ್‌ಗೂ ನಡುವೆ ಹೆಬ್ಬೆರಳು ಸಿಕ್ಕಿ, ಬೈಕು ನಿಂತಲ್ಲೇ ಮಗುಚುವುದು ಹೊಸಬರಿಗೆ ಆಗುವ ಮಾಮೂಲಿ ಅಪಘಾತ.

ಹಾಗಾದರೆ ಚಿಕ್ಕ ಸ್ಪೋರ್ಟ್ ಬೈಕುಗಳೂ ಬೇಡವೇ?

ಅವುಗಳ ಲೆಕ್ಕ ಬೇರೆ. ಯಮಹಾ ಆರ್15 ಬರೀ 142 ಕಿಲೋ ಆಸುಪಾಸು. ಭಂಗಿ ಬಿಗಿಯಾದರೂ ತೂಕ ಇಲ್ಲದ್ದರಿಂದ ಊರೊಳಗೆ ತಳ್ಳಾಡಬಹುದು, 11 ಲೀಟರ್ ಟ್ಯಾಂಕಿನಲ್ಲೇ 400 ಕಿಲೋಮೀಟರ್ ದಾಟುತ್ತದೆ. ಕಾಲೇಜಿಗೂ ಹೋಗಿ, ಭಾನುವಾರ ನಂದಿಬೆಟ್ಟಕ್ಕೂ ಹೋಗುವ ಇಪ್ಪತ್ತರ ಹರೆಯದವರಿಗೆ ಅದನ್ನು ಬೇಡ ಅನ್ನಲು ಕಾರಣವಿಲ್ಲ.

ಈ ವರ್ಗದಲ್ಲಿ ಫೇರಿಂಗ್ (ಬೈಕಿನ ಮೈ ಮುಚ್ಚುವ ಪ್ಲಾಸ್ಟಿಕ್ ಕವಚ) ನೋಡಿ ಮೋಸಹೋಗಬೇಡಿ. ಸುಜುಕಿ ಜಿಕ್ಸರ್ ಎಸ್‌ಎಫ್ 250, ಕವಾಸಾಕಿ ನಿಂಜಾ 300 ಇವು ಸ್ಪೋರ್ಟ್ ಬೈಕಿನ ಅಂಗಿ ತೊಟ್ಟ ಟೂರರ್‌ಗಳು: ಹ್ಯಾಂಡಲ್ ಎತ್ತರ, ಸೀಟು ಸೌಮ್ಯ. ನಿಂಜಾ 300ಕ್ಕೆ 17 ಲೀಟರ್ ಟ್ಯಾಂಕ್ ಇದೆ. ಟಿವಿಎಸ್ ಅಪಾಚೆ ಆರ್‌ಆರ್ 310 ನಡುವೆ ನಿಲ್ಲುತ್ತದೆ. ಕೆಟಿಎಂ ಆರ್‌ಸಿ 390ರ ಸೀಟು ಎತ್ತರ, ಸ್ವಭಾವ ಟ್ರ್ಯಾಕಿನದು. ದೊಡ್ಡ ವರ್ಗದಲ್ಲಿ ನಿಂಜಾ 650 ಹೆಸರಿಗೆ ನಿಂಜಾ ಆದರೂ ನಡತೆಯಲ್ಲಿ ಟೂರರ್. 64 ನ್ಯೂಟನ್ ಮೀಟರ್ 6,700 ಆರ್‌ಪಿಎಂಗೇ ಸಿಗುತ್ತದೆ, ಸೀಟಿನ ಎತ್ತರ 790 ಮಿಲಿಮೀಟರ್.

350 ಸಿಸಿ ಗೆರೆ ಅಂತ ಎಲ್ಲರೂ ಹೇಳುತ್ತಾರಲ್ಲ, ಏನದು?

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ಮೇಲಿನವಕ್ಕೆ ಶೇ. 40. ಆಜೀವ ತೆರಿಗೆಯೂ ವಿಮೆಯೂ ಬೆಲೆಯ ಮೇಲೆಯೇ ನಿಂತಿರುವುದರಿಂದ ಆನ್-ರೋಡ್ ಬೆಲೆಯಲ್ಲಿ ಅಂತರ ಇನ್ನಷ್ಟು ಹಿಗ್ಗುತ್ತದೆ. 312 ಸಿಸಿಯ ಆರ್‌ಆರ್ 310, 321 ಸಿಸಿಯ ಯಮಹಾ ಆರ್3 ಗೆರೆಯ ಈಚೆಗೆ. 457 ಸಿಸಿಯ ಎಪ್ರಿಲಿಯಾ ಆರ್‌ಎಸ್ 457 ಆಚೆಗೆ. ಮೊದಲ ದೊಡ್ಡ ಬೈಕು ಕೊಳ್ಳುವವರು ಉಳಿದ ಹಣವನ್ನು ಒಳ್ಳೆಯ ಜಾಕೆಟ್, ಗ್ಲೌಸ್, ಬೂಟಿಗೆ ಹಾಕಬೇಕು ಎಂಬುದು ನಮ್ಮ ಒತ್ತಾಯ.

ಹೆಂಡತಿಯನ್ನೋ ಗೆಳೆಯನನ್ನೋ ಹಿಂದೆ ಕೂರಿಸಿಕೊಂಡು ಹೋಗಬೇಕು. ಆಗ?

ಹಾಗಿದ್ದರೆ ಸ್ಪೋರ್ಟ್ ಟೂರರ್. ಸ್ಪೋರ್ಟ್ ಬೈಕಿನ ಹಿಂದಿನ ಸೀಟು ಅಂಗೈಯಗಲ, ಮುಂದಿನದಕ್ಕಿಂತ ಗೇಣು ಎತ್ತರ, ಹಿಡಿಯಲು ಹ್ಯಾಂಡಲ್ ಇರುವುದಿಲ್ಲ. ಬ್ರೇಕ್ ಹಾಕಿದಾಗ ಹಿಂದಿನವರು ಜಾರಿ ಮುಂದಿನವರ ಬೆನ್ನಿಗೆ ಒರಗುತ್ತಾರೆ, ಆ ಭಾರವೂ ಸವಾರನ ಮಣಿಕಟ್ಟಿಗೇ. ಸೀರೆ ಉಟ್ಟವರಿಗಂತೂ ಇದು ಆಗದ ಮಾತು. ಮ್ಯಾನ್ಯುಯಲ್‌ನಲ್ಲಿ ಬೈಕು ಹೊರಬಹುದಾದ ಒಟ್ಟು ಭಾರ ಬರೆದಿರುತ್ತದೆ. ಇಬ್ಬರ ತೂಕ, ಜಾಕೆಟ್ ಹೆಲ್ಮೆಟ್, ಲಗೇಜ್ ಎಲ್ಲ ಕೂಡಿಸಿ ನೋಡಿ. ಇಬ್ಬರು ದೊಡ್ಡವರು ಕೂತರೆ ಸ್ಪೋರ್ಟ್ ಬೈಕಿನ ಲೆಕ್ಕ ಲಗೇಜ್ ಕಟ್ಟುವ ಮೊದಲೇ ಮುಗಿದಿರುತ್ತದೆ.

ಸ್ಯಾಡಲ್ ಬ್ಯಾಗ್ ಕಟ್ಟುವವರು ಸೈಲೆನ್ಸರ್ ಕಡೆಗೆ ಗಮನ ಕೊಡಿ. ನಿಂತಾಗ ನಾಲ್ಕು ಬೆರಳು ಅಂತರ ಕಂಡರೂ ಗುಂಡಿಗೆ ಬಿದ್ದು ಸಸ್ಪೆನ್ಷನ್ ಕುಗ್ಗಿದಾಗ ಬ್ಯಾಗ್ ತೂಗಾಡಿ ಬಿಸಿ ಕೊಳವೆಗೆ ಅಂಟಿ ಸುಡುತ್ತದೆ. ಹೀಟ್ ಶೀಲ್ಡ್ ಅಥವಾ ಬ್ಯಾಗನ್ನು ದೂರ ಹಿಡಿಯುವ ಕಬ್ಬಿಣದ ಸ್ಟೇ ಬೇಕೇ ಬೇಕು. ಆಯಸ್ಕಾಂತದ ಟ್ಯಾಂಕ್ ಬ್ಯಾಗ್ ಕೊಳ್ಳುವ ಮುಂಚೆ ಒಂದು ಚಿಕ್ಕ ಮ್ಯಾಗ್ನೆಟ್ ಇಟ್ಟು ನೋಡಿ; ಎಷ್ಟೋ ಬೈಕುಗಳ ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ.

ಸಸ್ಪೆನ್ಷನ್ ಹೊಂದಿಸುವುದು ಹೇಗೆ? ಮೆಕ್ಯಾನಿಕ್ ಬೇಕೇ?

ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಎಂಬುದನ್ನು, ಹೊಂದಿಸಲು ಮೆಕ್ಯಾನಿಕ್ ಬೇಡ. ಅಳತೆ ಟೇಪು ಮತ್ತು ಇಬ್ಬರು ಸಹಾಯಕರು ಸಾಕು.

ಮೊದಲು ಹಿಂದಿನ ಚಕ್ರ ಪೂರ್ತಿ ಕೆಳಗಿಳಿಯುವ ಹಾಗೆ ಬೈಕಿನ ಹಿಂಭಾಗವನ್ನು ಇಬ್ಬರು ಎತ್ತಿ ಹಿಡಿಯಬೇಕು. ಆಕ್ಸಲ್‌ನ ನಡುವಿನಿಂದ ಅದರ ನೇರ ಮೇಲೆ ಬಾಡಿಯ ಒಂದು ಗುರುತಿಗೆ ಅಳೆದು ಬರೆದುಕೊಳ್ಳಿ. ಆಮೇಲೆ ಜಾಕೆಟ್, ಹೆಲ್ಮೆಟ್ ಸಮೇತ ನೀವು ಬೈಕ್ ಮೇಲೆ ಕೂತು, ಕಾಲು ಪೆಗ್ ಮೇಲಿಟ್ಟು, ಒಬ್ಬರು ಮುಂದಿನಿಂದ ಹಿಡಿದಿರುವಾಗ ಇನ್ನೊಬ್ಬರು ಅದೇ ಎರಡು ಬಿಂದು ಅಳೆಯಲಿ. ವ್ಯತ್ಯಾಸ 30ರಿಂದ 35 ಮಿಲಿಮೀಟರ್ ಇದ್ದರೆ ರಸ್ತೆಗೆ ಸರಿ. ಹೆಚ್ಚಿದ್ದರೆ ಪ್ರೀಲೋಡ್ ಏರಿಸಿ, ಕಡಿಮೆಯಿದ್ದರೆ ಇಳಿಸಿ, ಮತ್ತೆ ಅಳೆಯಿರಿ. ಬಹಳ ಜನ ತಪ್ಪುವುದು ಮೊದಲ ಹೆಜ್ಜೆಯಲ್ಲೇ: ಬೈಕನ್ನು ಪ್ಯಾಡಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಅಳೆಯುತ್ತಾರೆ. ಆ ಸ್ಟ್ಯಾಂಡ್ ಹಿಡಿಯುವುದು ಹಿಂದಿನ ಚಕ್ರ ಹೊತ್ತ ತೋಳಾದ ಸ್ವಿಂಗ್‌ಆರ್ಮನ್ನು. ಬೈಕಿನ ಭಾರ ಸಸ್ಪೆನ್ಷನ್ ಮೇಲೇ ಇರುತ್ತದೆ, ಅಳತೆ ಸುಳ್ಳಾಗುತ್ತದೆ.

ಮುಂದಿನ ಫೋರ್ಕಿಗೆ ಇನ್ನೂ ಸುಲಭ. ಹೊಳೆಯುವ ಕೊಳವೆಗೆ ಒಂದು ಜಿಪ್ ಟೈ (ಪ್ಲಾಸ್ಟಿಕ್ ಪಟ್ಟಿ) ತಳ್ಳಿದರೆ ಸರಿಯುವಷ್ಟು ಬಿಗಿಯಾಗಿ ಕಟ್ಟಿ ಆಯಿಲ್ ಸೀಲಿನವರೆಗೆ ತಳ್ಳಿ, ಒಂದು ಸುತ್ತು ಓಡಿಸಿ ಬನ್ನಿ. ಅದು ಎಷ್ಟು ಸರಿದಿದೆಯೋ ಫೋರ್ಕು ಅಷ್ಟು ಕುಗ್ಗಿದೆ. ಟೈ ಕೊನೆಯ ತನಕ ಹೋಗಿದ್ದರೆ ಗುಂಡಿಯಲ್ಲಿ ಫೋರ್ಕು ತಳ ಮುಟ್ಟುತ್ತಿದೆ.

ಹಿಂದೆ ಒಬ್ಬರು ಕೂತರೆ ಹಿಂದಿನ ಪ್ರೀಲೋಡ್ ಏರಿಸಲೇಬೇಕು. ಇಲ್ಲದಿದ್ದರೆ ಹಿಂಭಾಗ ಕುಸಿದು ಮೂತಿ ಮೇಲಕ್ಕೇಳುತ್ತದೆ, ತಿರುವಿನಲ್ಲಿ ಬೈಕು ಹೊರಗೆ ಎಳೆಯುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. 1100ಎಸ್‌ಎಕ್ಸ್‌ನಂಥ ಟೂರರ್‌ಗಳಲ್ಲಿ ಬದಿಯ ನಾಬನ್ನು ಕೈಯಲ್ಲೇ ತಿರುಗಿಸಿದರೆ ಆಯಿತು. ಚಿಕ್ಕ ಬೈಕುಗಳಲ್ಲಿ ಸಿ-ಸ್ಪ್ಯಾನರ್‌ನಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು.

ಹಂಪ್ಸ್ ಮೇಲೆ ತಳ ಉಜ್ಜುತ್ತದೆಯೇ?

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂಥದ್ದರ ಮೇಲೆ ಯಾವ ಬೈಕೂ ಉಜ್ಜುವುದಿಲ್ಲ. ಊರೂರಲ್ಲಿ ಸಿಗುವುದು ಎರಡಡಿ ಅಗಲದ ಗೋಡೆ. ದೊಡ್ಡ ಬೈಕುಗಳಿಗೆ, ಸ್ಪೋರ್ಟ್ ಆಗಲಿ ಟೂರರ್ ಆಗಲಿ, ನೆಲದಿಂದ 130–135 ಮಿಲಿಮೀಟರ್ ಮಾತ್ರ ಅಂತರ. ಹಾಗಾಗಿ ಈ ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ. ಹಿಂದೆ ಕೂತವರನ್ನು ಇಳಿಸಿ, ಓರೆಯಾಗಿ ದಾಟಿ. ಹಂಪಿನ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಫೋರ್ಕು ಕುಗ್ಗಿ ತಳ ಇನ್ನೂ ಕೆಳಗಾಗುತ್ತದೆ. ಮುಂಚೆಯೇ ವೇಗ ತಗ್ಗಿಸಿ ಬ್ರೇಕ್ ಬಿಡಿ.

ಎಂಜಿನ್ ಬಿಸಿ?

ನಾಲ್ಕು ಸಿಲಿಂಡರ್ ಬೈಕುಗಳು ಎರಡೂ ಜಾತಿಯಲ್ಲೂ ಕಾಲು ಸುಡುತ್ತವೆ. ಟೂರರ್‌ಗಳ ಅಗಲ ಫೇರಿಂಗ್ ಬಿಸಿಗಾಳಿಯನ್ನು ತೊಡೆಯಿಂದಾಚೆ ತಿರುಗಿಸುವುದರಿಂದ ಸ್ವಲ್ಪ ವಾಸಿ. ನಿತ್ಯ ಆಫೀಸಿಗೆ ಓಡಿಸುವುದಾದರೆ ಎರಡು ಸಿಲಿಂಡರ್‌ನದೇ ಮೇಲು. ಮಳೆಗಾಲ ಮುಗಿದ ಮೇಲೆ ರೇಡಿಯೇಟರ್ ರೆಕ್ಕೆಗಳಲ್ಲಿ ಮೆತ್ತಿದ ಕೆಸರನ್ನು ಮೆಲ್ಲನೆಯ ನೀರಿನಿಂದ ತೊಳೆಯಿರಿ. ವಾಟರ್ ಸರ್ವೀಸಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ.

ಟೈರು ಎಷ್ಟು ಬಾಳುತ್ತದೆ?

ಮೆದು ರಬ್ಬರಿನ ಸ್ಪೋರ್ಟ್ ಟೈರು ಹಿಂದಿನ ಚಕ್ರದಲ್ಲಿ 5,000ದಿಂದ 8,000 ಕಿಲೋಮೀಟರ್. ಮಿಶೆಲಿನ್ ರೋಡ್ 6, ಪಿರೆಲ್ಲಿ ಏಂಜಲ್ ಜಿಟಿ 2, ಮೆಟ್ಜೆಲರ್ ರೋಡ್‌ಟೆಕ್ 01 ಥರದ ಟೂರಿಂಗ್ ಟೈರು 12,000 ದಾಟಬಹುದು. ನಡುವೆ ಗಟ್ಟಿ ರಬ್ಬರು, ಅಂಚಿಗೆ ಮೆದು ರಬ್ಬರು ಇರುವುದೇ ಕಾರಣ. ಮಳೆಯಲ್ಲೂ ಟೂರಿಂಗ್ ಟೈರೇ ವಾಸಿ. ಅದರ ಗೀರುಗಳು ನೀರು ಹೊರಹಾಕುತ್ತವೆ, ತಣ್ಣಗಿರುವಾಗಲೂ ಹಿಡಿತ ಕೊಡುತ್ತದೆ. ಸ್ಪೋರ್ಟ್ ಟೈರಿಗೆ ಬಿಸಿ ಏರಬೇಕು, ಜುಲೈ ತಿಂಗಳ ಮಡಿಕೇರಿಯಲ್ಲಿ ಅದು ಏರುವುದೇ ಇಲ್ಲ. ಆದ್ದರಿಂದ ಸ್ಪೋರ್ಟ್ ಬೈಕ್ ಇಟ್ಟುಕೊಂಡವರೂ ಎರಡನೇ ಜೊತೆ ಟೈರನ್ನು ಟೂರಿಂಗ್‌ನದೇ ಹಾಕಿಸಿ.

ಬರೀ ನೇರ ಹೆದ್ದಾರಿ ಓಡಿಸಿದರೆ ಟೈರಿನ ನಡು ಸವೆದು ಚಪ್ಪಟೆಯಾಗುತ್ತದೆ. ಬೈಕು ಬಾಗಿಸುವಾಗ ಮೊದಲು ಒಲ್ಲೆ ಅಂದು, ಆ ಅಂಚು ದಾಟಿದ ಕೂಡಲೇ ತಟಕ್ಕನೆ ಬೀಳುತ್ತದೆ. ಗೀರು ಉಳಿದಿದ್ದರೂ ಘಾಟಿಗೆ ಹೊರಡುವ ಮೊದಲು ಅಂಥ ಟೈರು ಬದಲಿಸಿ. ಗಾಳಿ ದೊಡ್ಡ ಬೈಕುಗಳಿಗೆ ಸಾಮಾನ್ಯವಾಗಿ ಮುಂದೆ 36, ಹಿಂದೆ 42 ಪಿಎಸ್‌ಐ; ನಿಮ್ಮ ಬೈಕಿನದು ಸ್ವಿಂಗ್‌ಆರ್ಮ್ ಅಥವಾ ಚೈನ್ ಗಾರ್ಡ್ ಮೇಲಿನ ಸ್ಟಿಕರ್‌ನಲ್ಲಿದೆ. ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ನೋಡಿ.

ಚೈನಿನ ಕೆಲಸ ಎಷ್ಟು?

ಪ್ರತಿ 500 ಕಿಲೋಮೀಟರಿಗೆ ಒಮ್ಮೆ ಒರೆಸಿ ಎಣ್ಣೆ ಹಾಕಬೇಕು, ಮಳೆಯಲ್ಲಿ ಓಡಿಸಿದರೆ ಆ ದಿನವೇ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಬಳಸಿ. ಪೆಟ್ರೋಲ್ ಚೈನಿನೊಳಗಿನ ಓ-ರಿಂಗ್‌ಗಳನ್ನು (ರಬ್ಬರ್ ಬಳೆಗಳನ್ನು) ಹಾಳುಮಾಡುತ್ತದೆ. ಸಡಿಲ ಸಾಮಾನ್ಯವಾಗಿ 25ರಿಂದ 35 ಮಿಲಿಮೀಟರ್. ಬಿಗಿ ಜಾಸ್ತಿಯಾದರೆ ಅಪಾಯ: ಇಬ್ಬರು ಕೂತು ಸಸ್ಪೆನ್ಷನ್ ಕುಗ್ಗಿದಾಗ ಚೈನು ಇನ್ನೂ ಬಿಗಿಯಾಗಿ ಗೇರ್‌ಬಾಕ್ಸಿನ ಬೇರಿಂಗ್ ಎಳೆಯುತ್ತದೆ. ಬಿಎಂಡಬ್ಲ್ಯು ಆರ್‌ಟಿ ಥರದ ದೊಡ್ಡ ಟೂರರ್‌ಗಳಲ್ಲಿ ಚೈನಿನ ಬದಲು ಚಕ್ರ ತಿರುಗಿಸುವ ಶಾಫ್ಟ್ (ದಂಡ) ಇರುವುದರಿಂದ ಈ ಕೆಲಸವೇ ಇಲ್ಲ.

ಈಗಾಗಲೇ ಸ್ಪೋರ್ಟ್ ಬೈಕ್ ಇದೆ. ಅದನ್ನೇ ಟೂರಿಂಗ್‌ಗೆ ಬದಲಾಯಿಸಬಹುದೇ?

ಅರ್ಧ ದಾರಿ ಬರಬಹುದು. ಹ್ಯಾಂಡಲ್ ರೈಸರ್ 20–25 ಮಿಲಿಮೀಟರ್ ಎತ್ತಿದರೆ ಮಣಿಕಟ್ಟಿಗೆ ಗೊತ್ತಾಗುವಷ್ಟು ನೆಮ್ಮದಿ. ಹಾಕಿಸಿದ ಮೇಲೆ ಈ ಪರೀಕ್ಷೆ ಮಾಡದೆ ರಸ್ತೆಗಿಳಿಯಬೇಡಿ: ಬೈಕನ್ನು ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡದ ಕೊನೆಗೂ ಬಲದ ಕೊನೆಗೂ ತಿರುಗಿಸಿ. ಎಂಜಿನ್ ಶಬ್ದ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ. ಯು-ಟರ್ನ್ ನಡುವೆ ಬೈಕು ತಾನಾಗಿ ಮುನ್ನುಗ್ಗುತ್ತದೆ. ಬ್ರೇಕ್ ಹೋಸ್ ಸೆಟೆದು ನಿಂತಿದೆಯೇ, ಲಿವರ್ ಫೇರಿಂಗಿಗೆ ತಾಗುತ್ತದೆಯೇ ನೋಡಿ.

ಎತ್ತರದ ವಿಂಡ್‌ಸ್ಕ್ರೀನ್ ಕುತ್ತಿಗೆಗೆ ಒಳ್ಳೆಯದು. ಆರ್‌ಪಿಎಂ ಇಳಿಸಲು ಹಿಂದಿನ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಎರಡು ಹಲ್ಲು ಚಿಕ್ಕದು ಹಾಕಿಸಬಹುದು. ಮುಂದಿನದರಲ್ಲಿ ಒಂದು ಹಲ್ಲು ಹೆಚ್ಚಿಸಿದರೆ ಹಿಂದೆ ಸುಮಾರು ಮೂರು ಹಲ್ಲು ಇಳಿಸಿದಂತೆ. ಆದರೆ ಅಷ್ಟು ಬದಲಿಸಿದರೆ ಚಿಕ್ಕ ಎಂಜಿನ್ ಘಾಟಿಯಲ್ಲಿ ಏದುಸಿರು ಬಿಡುತ್ತದೆ. ಪೆಗ್ ಕೆಳಗಿಳಿಸುವ ಕಿಟ್ ಹಾಕಿಸಿದರೆ ತಿರುವಿನಲ್ಲಿ ಪೆಗ್ ಬೇಗ ನೆಲಕ್ಕೆ ತಾಗುತ್ತದೆ. ಹಿಂದಿನ ಸೀಟು ಮತ್ತು ಹೊರುವ ಭಾರವನ್ನು ಮಾತ್ರ ಯಾವ ಕಿಟ್ಟೂ ಬದಲಿಸುವುದಿಲ್ಲ.

ನನ್ನ ಎತ್ತರ ಐದಡಿ ನಾಲ್ಕು ಇಂಚು. ಕಾಲು ನೆಲಕ್ಕೆ ಎಟುಕುವುದಿಲ್ಲ.

ಎರಡೂ ಪಾದ ಪೂರ್ತಿ ಊರಬೇಕಿಲ್ಲ. ಎರಡೂ ಕಾಲಿನ ಮುಂಪಾದ ಊರಿದರೆ ಸಾಕು. ಬೈಕನ್ನು ತಗ್ಗಿಸುವ ಲೋವರಿಂಗ್ ಲಿಂಕ್ ಹಾಕಿಸಿ ಹಿಂಭಾಗ ಮಾತ್ರ ಇಳಿಸಿದರೆ ಬೈಕು ತಿರುಗಲು ಸೋಮಾರಿಯಾಗುತ್ತದೆ, ಸೈಡ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಂತು ಆಚೆಗೆ ಉರುಳುವ ಭಯ. ಮೊದಲು ಸೀಟಿನ ಫೋಮನ್ನು ಬದಿಗಳಲ್ಲಿ ಕಿರಿದು ಮಾಡಿಸಿ ನೋಡಿ.

ಬಿದ್ದರೆ ಖರ್ಚು?

ಫೇರಿಂಗ್ ಇರುವ ಬೈಕು ನಿಂತಲ್ಲೇ ಮಗುಚಿದರೂ ಪ್ಯಾನೆಲ್, ಕನ್ನಡಿ, ಲಿವರ್ ಹೋಗುತ್ತವೆ. ಮಾಮೂಲಿ ವಿಮೆಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ, ಅರ್ಧ ನಿಮ್ಮ ಜೇಬಿನಿಂದಲೇ. ಮೊದಲ ವರ್ಷಗಳಲ್ಲಿ ಝೀರೋ ಡೆಪ್ರಿಸಿಯೇಷನ್ (ಸವಕಳಿ ಕಳೆಯದ ವಿಮೆ) ಬಿಡಬೇಡಿ, ಬಿದ್ದಾಗ ಪೆಟ್ಟು ತಡೆಯುವ ಫ್ರೇಮ್ ಸ್ಲೈಡರ್ ಹಾಕಿಸಿ.

ಟ್ರ್ಯಾಕ್ ಎಲ್ಲಿದೆ? ಸ್ಪೋರ್ಟ್ ಟೂರರ್ ಅಲ್ಲಿ ಓಡುತ್ತದೆಯೇ?

ಬೆಂಗಳೂರಿಗರಿಗೆ ಹತ್ತಿರದ್ದು ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈನ 3.7 ಕಿಲೋಮೀಟರ್ ಸರ್ಕ್ಯೂಟ್, ಸುಮಾರು 300 ಕಿಲೋಮೀಟರ್ ದೂರ. ಕೊಯಮತ್ತೂರಿನಲ್ಲಿ 2.1 ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಟೂರರ್ ಅಲ್ಲಿ ಧಾರಾಳವಾಗಿ ಓಡುತ್ತದೆ; ಬಾಗಿದಾಗ ಪೆಗ್ ಬೇಗ ನೆಲ ಮುಟ್ಟುತ್ತದೆ, ತೂಕದಿಂದ ಬ್ರೇಕ್ ಬೇಗ ಬಿಸಿಯಾಗುತ್ತದೆ, ಅಷ್ಟೇ. ಕಲಿಯಲು ಬಂದವರಿಗೆ ಅದು ಅಡ್ಡಿಯಲ್ಲ. ಪೂರ್ತಿ ಚರ್ಮದ ಸೂಟ್ ಬೇಕು, ಕನ್ನಡಿ ಬಿಚ್ಚಬೇಕು, ದೀಪಗಳಿಗೆ ಟೇಪ್ ಅಂಟಿಸಬೇಕು.

ಟೆಸ್ಟ್ ರೈಡಿನಲ್ಲಿ ಏನು ನೋಡಬೇಕು?

ಶೋರೂಮಿನವರು ಕೊಡುವ ಹತ್ತು ನಿಮಿಷದ ಸುತ್ತಿನಲ್ಲಿ ಪಿಕಪ್ ನೋಡಿ ಮರುಳಾಗುವುದು ಸಹಜ. ಪಿಕಪ್ ಎರಡರಲ್ಲೂ ಬೇಕಾದಷ್ಟಿದೆ. ಹೊರಡುವ ಮೊದಲು ನಿಂತ ಬೈಕಿನ ಮೇಲೆ ಜಾಕೆಟ್ ಹಾಕಿಕೊಂಡು ಇಪ್ಪತ್ತು ನಿಮಿಷ ಕೂತುಕೊಳ್ಳಿ, ಕೈ ಹ್ಯಾಂಡಲ್ ಮೇಲೇ ಇರಲಿ. ನಂತರ ಸಂಜೆಯ ಟ್ರಾಫಿಕ್ಕಿನಲ್ಲಿ ಓಡಿಸಲು ಕೇಳಿ. ರಸ್ತೆಯಲ್ಲಿ ಎರಡೂ ಕಡೆಗೆ ಯು-ಟರ್ನ್ ಹೊಡೆಯಿರಿ, ನಿತ್ಯ ಹಿಂದೆ ಕೂರುವವರನ್ನು ಕರೆದೊಯ್ದು ಕೂರಿಸಿ. ಟಾಪ್ ಗೇರಿನಲ್ಲಿ 50ರ ವೇಗದಿಂದ ಮೆಲ್ಲನೆ ಆಕ್ಸಿಲರೇಟರ್ ತಿರುಗಿಸಿ, ಎಂಜಿನ್ ಕುಟ್ಟುತ್ತದೆಯೋ ಎಳೆಯುತ್ತದೆಯೋ ಕೇಳಿ. ವಾಪಸ್ ಬಂದ ಕೂಡಲೇ ಬೈಕಿನಿಂದ ಇಳಿದು ಮುಷ್ಟಿ ಬಿಗಿದು ಬಿಚ್ಚಿ. ಬೆರಳು ಜುಮ್ಮೆಂದರೆ ಅಡ್ವಾನ್ಸ್ ಕೊಡಬೇಡಿ, ಪಕ್ಕದ ಬೈಕಿನ ಕೀ ಕೇಳಿ.